ಹುಳಿಮಜ್ಜಿಗೆ ಬಿದ್ದೊಡನೆ ಜೀವ ತಳೆಯುವ ಹಿಟ್ಟು

ನಾಲ್ಕೇ ನಾಲ್ಕು ಸಾಮಾನು: ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿಮಜ್ಜಿಗೆ. ಯೀಸ್ಟ್ ಬೇಡ. ನಾದುವ ಕೆಲಸವಿಲ್ಲ. ಹಿಟ್ಟು ಉಬ್ಬಲೆಂದು ಬಟ್ಟೆ ಮುಚ್ಚಿಟ್ಟು ಕಾದು ಕೂರುವುದೂ ಇಲ್ಲ. ಆದರೂ ಬಟ್ಟಲಿಗೆ ಮಜ್ಜಿಗೆ ಸುರಿದು ಒಂದು ಗಂಟೆ ತುಂಬುವುದರೊಳಗೆ ಗರಿಗರಿ ಹೊರಪದರದ, ಒಳಗೆ ಇನ್ನೂ ಹಬೆಯಾಡುವ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಬ್ರೆಡ್ಡು ಮೇಜಿನ ಮೇಲೆ ಬಂದು ಕೂತಿರುತ್ತದೆ! ಐರ್ಲೆಂಡಿನ ಮನೆಗಳಲ್ಲಿ ಸುಮಾರು ಎರಡು ಶತಮಾನದಿಂದ ನಡೆದು ಬಂದಿರುವ ಕೆಲಸ ಇದು. ಅಲ್ಲಿಯವರಿಗೆ ಸೋಡಾ ಬ್ರೆಡ್ಡು ನಮ್ಮ ಅನ್ನ, ಮುದ್ದೆಯಷ್ಟೇ ಸಾಮಾನ್ಯ. ಆದರೆ ಒಮ್ಮೆ ಅದರೊಳಗೆ ಇಣುಕಿ ನೋಡಿದವರಿಗೆ ಅದು ಸಾಮಾನ್ಯ ಎನಿಸುವ ಮಾತೇ ಇಲ್ಲ. ಅದಕ್ಕೆ ಒಣದ್ರಾಕ್ಷಿ ಹಾಕಿ, ಸಮುದ್ರದ ಪಾಚಿ ಹಾಕಿ, ಕಾಕಂಬಿ ಹಾಕಿ, ಒಗ್ಗರಣೆಯನ್ನೇ ಹಾಕಿ ನೋಡಿ, ಎಲ್ಲವನ್ನೂ ಅದು ತನ್ನದಾಗಿಸಿಕೊಳ್ಳುತ್ತದೆ. ಯಾಕೆ, ಹೇಗೆ ಎಂದು ಹುಡುಕುತ್ತ ಹೋದರೆ ಒಂದು ದೇಶದ ಮಳೆ, ಬೆಣ್ಣೆ, ಬರ, ವಲಸೆ ಎಲ್ಲವೂ ಒಂದೊಂದಾಗಿ ಎದುರಾಗುತ್ತವೆ.

ಕೆಲಸ ಶುರುವಾಗುವುದು ಅಂಗೈಯಲ್ಲಿ. ತಲೆ ಸವರಿದ ಒಂದು ಟೀ ಚಮಚ ಸೋಡಾವನ್ನು ಎಡ ಅಂಗೈಗೆ ಸುರಿದುಕೊಂಡು, ಬಲಗೈ ಬೆರಳಿನಿಂದ ಒಂದು ಗಂಟೂ ಉಳಿಯದಂತೆ ಉಜ್ಜಿ ಉಜ್ಜಿ ಪುಡಿ ಮಾಡಬೇಕು. ಒಂದು ಕಾಳಿನಷ್ಟು ಗಂಟು ಉಳಿದರೂ ಬ್ರೆಡ್ಡಿನಲ್ಲಿ ಅಲ್ಲೊಂದು ಹಳದಿ ಕಲೆ, ಬಾಯಲ್ಲಿ ಸಾಬೂನಿನ ರುಚಿ. 450 ಗ್ರಾಂ ಹಿಟ್ಟಿಗೆ ಈ ಸೋಡಾ, ಅಷ್ಟೇ ಉಪ್ಪು. ನಡುವೆ ಗುಂಡಿ ಮಾಡಿ 350ರಿಂದ 400 ಮಿಲಿಲೀಟರ್ ಹುಳಿಮಜ್ಜಿಗೆಯ ಬಹುಪಾಲನ್ನು ಒಂದೇ ಸಲಕ್ಕೆ ಹೊಯ್ಯುವುದು. ಬೆರಳುಗಳನ್ನು ಅಗಲಿಸಿ ಗಟ್ಟಿಯಾಗಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ ದೊಡ್ಡ ದೊಡ್ಡ ಸುತ್ತು ಹಾಕುತ್ತ ಕೈಯಾಡಿಸಿದರೆ ಅರೆಕ್ಷಣದಲ್ಲಿ ಒಣ ಹಿಟ್ಟು ಮಾಯ. ಅಷ್ಟರಲ್ಲೇ ಬೆರಳ ಸಂದಿಯಲ್ಲಿ ಹಿಟ್ಟು ಹಗುರಾಗುವುದು ಕೈಗೆ ತಿಳಿಯುತ್ತದೆ. ಅಂಟಂಟಾದ ಮುದ್ದೆಯ ಮೈಮೇಲೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಒಲೆ ಹತ್ತಿರಕ್ಕೂ ಹೋಗಿಲ್ಲ, ಆಗಲೇ ಹಿಟ್ಟಿಗೆ ಜೀವ ಬಂದಿದೆ!

ಮಜ್ಜಿಗೆಯಲ್ಲಿರುವ ಲ್ಯಾಕ್ಟಿಕ್ ಆಮ್ಲ, ಸೋಡಾ ಎಂಬ ಸೋಡಿಯಂ ಬೈಕಾರ್ಬನೇಟ್, ಇವೆರಡೂ ಮುಖಾಮುಖಿಯಾದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಯೀಸ್ಟ್ ಎಂಬ ಜೀವಿ ಗಂಟೆಗಟ್ಟಲೆ ಸಕ್ಕರೆ ತಿಂದು ಬಿಡುವ ಅದೇ ಅನಿಲವನ್ನು ಇಲ್ಲಿ ಒಂದು ಹುಳಿ ಮತ್ತು ಒಂದು ಕ್ಷಾರ ಸೇರಿ ಕೆಲವೇ ನಿಮಿಷದಲ್ಲಿ ಬಿಟ್ಟುಕೊಡುತ್ತವೆ. ಆ ಒಂದು ಚಮಚ ಪುಡಿಯೊಳಗೆ ಹುದುಗಿರುವುದು ಹೆಚ್ಚುಕಡಿಮೆ ಒಂದು ಲೀಟರ್ ಅನಿಲ ಎಂದರೆ ನಂಬುತ್ತೀರಾ? ಆದರೆ ಅದು ನಿಮಗಾಗಿ ಕಾಯುವುದಿಲ್ಲ. ಆದ್ದರಿಂದಲೇ ಸೋಡಾ ಬ್ರೆಡ್ಡಿನ ಅಡುಗೆಮನೆಯಲ್ಲಿ ಎಲ್ಲವೂ ಓಡುನಡಿಗೆ. ಮೊದಲೇ ಓವನ್ನನ್ನು 230 ಡಿಗ್ರಿಗೆ ಕಾಯಿಸಿ ಇಟ್ಟಿರಬೇಕು. ಹಿಟ್ಟು ಕಲಸಿದ ಮೇಲೆ ಫೋನು ಎತ್ತಿಕೊಂಡು ಕೂರುವಂತಿಲ್ಲ. ನಾದಲೇಬಾರದು, ನಾದಿದಷ್ಟೂ ಹಿಟ್ಟಿನ ಗ್ಲುಟನ್ ಬಿಗಿಯಾಗುತ್ತದೆ, ಅನಿಲ ಹಾರಿಹೋಗುತ್ತದೆ, ಬ್ರೆಡ್ಡು ಇಟ್ಟಿಗೆಯಾಗುತ್ತದೆ. ಸುಮಾರು ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಗುಂಡಗೆ ತಟ್ಟಿ, ಮೇಲೆ ಅಂಚಿನಿಂದ ಅಂಚಿಗೆ ಚಾಕುವಿನಲ್ಲಿ ಆಳವಾದ ಕೂಡುಗೆರೆ ಎಳೆದು ಒಳಗೆ ತಳ್ಳುವುದು. 15 ನಿಮಿಷದ ನಂತರ ಬಿಸಿಯನ್ನು 200 ಡಿಗ್ರಿಗೆ ಇಳಿಸಿ ಇನ್ನರ್ಧ ಗಂಟೆ. ಹೊರತೆಗೆದು ಮಗುಚಿ, ತಳದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ಬಂತೋ, ಬೆಂದಿದೆ.

ಆ ಕೂಡುಗೆರೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬ್ರೆಡ್ಡಿನೊಳಗಿನ ಯಕ್ಷಿಣಿಯರು ಹೊರಗೆ ಹೋಗಲಿ ಎಂದು ಗೆರೆ ಎಳೆಯುತ್ತೇವೆ ಎಂದು ಐರ್ಲೆಂಡಿನ ಅಜ್ಜಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಕೆಲವರಿಗೆ ಅದು ಶಿಲುಬೆ, ಆಶೀರ್ವಾದ. ಅದೇ ಗೆರೆ ದಪ್ಪ ಹಿಟ್ಟಿನ ನಟ್ಟನಡುವಿಗೆ ಬಿಸಿ ಇಳಿಯಲು ದಾರಿಯನ್ನೂ ಮಾಡಿಕೊಡುತ್ತದೆ. ಬೇಯುತ್ತ ಬೇಯುತ್ತ ನಾಲ್ಕು ಹೋಳುಗಳು ಹೂವಿನಂತೆ ಬಿರಿಯುತ್ತವೆ. ಮನೆಯವರು ಕೂತು ಕೈಯಿಂದಲೇ ಮುರಿದುಕೊಳ್ಳಬಹುದು. ನಂಬಿಕೆ, ವಿಜ್ಞಾನ, ಹಂಚಿ ತಿನ್ನುವ ಅನುಕೂಲ ಮೂರೂ ಚಾಕುವಿನ ಎರಡೇ ಎಳೆತದಲ್ಲಿ!

ಆದರೆ ಐರ್ಲೆಂಡೇ ಯಾಕೆ? ಇಲ್ಲಿಂದ ಬೆರಗು ಇನ್ನೂ ಹೆಚ್ಚುತ್ತದೆ. ಆ ದ್ವೀಪದ ತಂಪು, ತೇವದ ಹವೆಯಲ್ಲಿ ಚೆನ್ನಾಗಿ ಬರುವುದು ಮೆದು ಗೋಧಿ. ಅದರಲ್ಲಿ ಗ್ಲುಟನ್ ಕಡಿಮೆ. ಯೀಸ್ಟ್ ಹಾಕಿ ಎತ್ತರಕ್ಕೆ ಉಬ್ಬಿಸುವ ಬ್ರೆಡ್ಡಿಗೆ ಅದು ಒಗ್ಗದ ಗೋಧಿ. ಸೋಡಾ ಬ್ರೆಡ್ಡಿಗೆ ಮಾತ್ರ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹುಲ್ಲು ಸಮೃದ್ಧ, ಹಸು ಸಮೃದ್ಧ, ಬೆಣ್ಣೆಯೂ ಸಮೃದ್ಧ. 1770ರಲ್ಲಿ ಕಾರ್ಕ್ ಪಟ್ಟಣದಲ್ಲಿ ಶುರುವಾದ ಬೆಣ್ಣೆ ಮಾರುಕಟ್ಟೆ ಮುಂದಿನ ಶತಮಾನದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು ಎನಿಸಿಕೊಂಡಿತು. ಉಪ್ಪು ಹಾಕಿ ಮರದ ಪೀಪಾಯಿಗಳಲ್ಲಿ ತುಂಬಿದ ಬೆಣ್ಣೆ ಕಡಲು ದಾಟಿ ವೆಸ್ಟ್ ಇಂಡೀಸ್ ದ್ವೀಪಗಳವರೆಗೂ ಹೋಗುತ್ತಿತ್ತು. ಬೆಣ್ಣೆ ಮಾರಿದ ಹಣ ಜಮೀನುದಾರನ ಗೇಣಿಗೆ. ಕಡೆದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದುದು? ಮಜ್ಜಿಗೆ! ಬಡವರ ಊಟವೆಂದರೆ ಬೇಯಿಸಿದ ಆಲೂಗಡ್ಡೆ, ಜೊತೆಗೆ ಈ ಮಜ್ಜಿಗೆ. ಅಂದರೆ ಸೋಡಾ ಬ್ರೆಡ್ಡಿನ ಅರ್ಧ ಸಾಮಗ್ರಿ ಪ್ರತಿ ಗುಡಿಸಲಿನ ಮೂಲೆಯಲ್ಲಿ ಹುಳಿಯಾಗುತ್ತ ಮೊದಲಿನಿಂದಲೂ ಕಾದು ಕೂತಿತ್ತು.

ಉಳಿದರ್ಧ ಬಂದದ್ದು ಕಾರ್ಖಾನೆಯಿಂದ. ಫ್ರಾನ್ಸಿನ ನಿಕೊಲಾ ಲಬ್ಲಾಂಕ್ ಅಡುಗೆ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ 1791ರಲ್ಲಿ ಪೇಟೆಂಟ್ ಪಡೆದ. ಗಾಜು, ಸಾಬೂನು, ಬಟ್ಟೆ ಉದ್ಯಮಗಳಿಗಾಗಿ ಹುಟ್ಟಿದ ಆ ಉಪಾಯದಿಂದ ಸೋಡಾ ಅಗ್ಗವಾಯಿತು. 1836ರ ನವೆಂಬರಿನಲ್ಲಿ ಲಂಡನ್ನಿನ ‘ಫಾರ್ಮರ್ಸ್ ಮ್ಯಾಗಜೀನ್’ ಒಂದು ಪುಟ್ಟ ಬರಹವನ್ನು ಅಚ್ಚು ಹಾಕಿತು. ಐರ್ಲೆಂಡಿನ ಉತ್ತರ ಭಾಗದ ‘ನ್ಯೂರಿ ಟೆಲಿಗ್ರಾಫ್’ ಪತ್ರಿಕೆಗೆ ಯಾರೋ ಬರೆದು ಕಳಿಸಿದ್ದ ಸೋಡಾ ಬ್ರೆಡ್ಡಿನ ವಿಧಾನ ಅದು. ಒಂದೂವರೆ ಪೌಂಡ್ ಹಿಟ್ಟು, ಉಪ್ಪು, ನೀರಿನಲ್ಲಿ ಕರಗಿಸಿದ ತುಂಬು ಒಂದು ಟೀ ಚಮಚ ಸೋಡಾ, ಚೆನ್ನಾಗಿ ಹುಳಿ ಬಂದ ಮಜ್ಜಿಗೆ. ಹಿಟ್ಟು ಕೈಯಲ್ಲಿ ಹಿಡಿಯಲು ಸಾಧ್ಯವಾಗುವ ಮಟ್ಟಿಗೆ ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದು ಎಂಬ ಕಿವಿಮಾತು. ಒಂದು ಅಂಗುಲ ದಪ್ಪಕ್ಕೆ ತಟ್ಟಿ ಬಾಣಲೆಯಲ್ಲಿಟ್ಟು, ಲೋಹದ ಮುಚ್ಚಳ ಮುಚ್ಚಿ, ಕೆಳಗೆ ಇಪ್ಪತ್ತು ನಿಮಿಷ ಹದವಾದ ಬಿಸಿ, ಆಮೇಲೆ ಮುಚ್ಚಳದ ಮೇಲೆ ಕೆಂಡ ಹರವಿ ಇನ್ನರ್ಧ ಗಂಟೆ. ಇದು ಹೊಟ್ಟೆಗೆ ಬಲ, ಮೈಗೆ ಚೈತನ್ಯ ಎಂದು ಬರೆದವರು ಹೊಗಳಿದ್ದೂ ಇದೆ. ಓದುತ್ತ ಓದುತ್ತ ರೋಮಾಂಚನವಾಗುತ್ತದೆ! ಆ ಕಾಗದವನ್ನು ಹಿಡಿದುಕೊಂಡು ಈ ಸಂಜೆ ನೀವು ಬ್ರೆಡ್ಡು ಮಾಡಬಹುದು, ಒಂದಕ್ಷರ ಬದಲಿಸಬೇಕಾಗಿಲ್ಲ.

ಮುಚ್ಚಳದ ಮೇಲೆ ಕೆಂಡ ಯಾಕೆಂದರೆ, ಹಳ್ಳಿಯ ಮನೆಗಳಲ್ಲಿ ಓವನ್ ಎಲ್ಲಿತ್ತು? ಜವುಗು ನೆಲದಿಂದ ಕೊಯ್ದು ಒಣಗಿಸಿದ ಪೀಟ್ ಗಟ್ಟಿಗಳ ಬೆಂಕಿಯ ಮೇಲೆ ಬ್ಯಾಸ್ಟಿಬಲ್ ಎಂಬ ಎರಕದ ಕಬ್ಬಿಣದ ಮುಚ್ಚಳದ ಪಾತ್ರೆ ತೂಗುತ್ತಿತ್ತು. ಅದರೊಳಗೇ ಬ್ರೆಡ್ಡು. ಉತ್ತರದ ಅಲ್ಸ್ಟರ್ ಪ್ರಾಂತ್ಯದವರಿಗೆ ಅದೂ ಬೇಡ. ಕಬ್ಬಿಣದ ಕಾವಲಿಯೇ ಸಾಕು. ಅಲ್ಲಿ ಹಿಟ್ಟನ್ನು ತೆಳ್ಳಗೆ ತಟ್ಟಿ ನಾಲ್ಕು ಭಾಗ ಮಾಡಿ ಸುಡುವ ‘ಸೋಡಾ ಫಾರ್ಲ್’ ಬೆಳಗಿನ ತಿಂಡಿಯ ತಟ್ಟೆಯಲ್ಲಿ ಇಂದಿಗೂ ರಾಜನಂತೆ ಕೂತಿರುತ್ತದೆ.

ಈಗ ರುಚಿಗಳಿಗೆ ಬರೋಣ. ಸೋಡಾ ಬ್ರೆಡ್ಡಿಗೆ ಸೇರಿದ ಒಂದೊಂದು ಸ್ವಾದದ ಹಿಂದೆಯೂ ಒಂದು ಕಾಲ ನಿಂತಿದೆ.

ಮೊದಲು ನೋವಿನದು. 1845ರಲ್ಲಿ ಆಲೂಗಡ್ಡೆಗೆ ರೋಗ ಬಡಿಯಿತು. ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಪೀಲ್ ಸರ್ಕಾರ ಅಮೆರಿಕದಿಂದ ಒಂದು ಲಕ್ಷ ಪೌಂಡ್ ಬೆಲೆಯ ಮೆಕ್ಕೆಜೋಳ ತರಿಸಿತು. ಕಲ್ಲಿನಂಥ ಕಾಳು, ಹೇಗೆ ಬೀಸಬೇಕು, ಹೇಗೆ ಬೇಯಿಸಬೇಕು ಜನರಿಗೆ ಗೊತ್ತಿರಲಿಲ್ಲ. ತಿಂದವರ ಹೊಟ್ಟೆ ಕೆಟ್ಟಿತು. ಜನ ಅದನ್ನು ಪೀಲನ ಗಂಧಕ ಎಂದು ಶಪಿಸಿದರು. ಅದೇ ಹಳದಿ ಹಿಟ್ಟು ಕ್ರಮೇಣ ಗೋಧಿಯ ಜೊತೆ ಬೆರೆತು ಸೋಡಾ ಬ್ರೆಡ್ಡಿನೊಳಗೆ ಸೇರಿಕೊಂಡಿತು. ಸಿಹಿಯಾದ, ಸ್ವಲ್ಪ ತರಿತರಿಯಾದ, ಚಿನ್ನದ ಬಣ್ಣದ ಬ್ರೆಡ್ಡು. ಹಸಿವಿನ ಕಾಲದ ಕಾಳಿಗೆ ಈ ಬ್ರೆಡ್ಡು ಹೀಗೊಂದು ಜಾಗ ಮಾಡಿಕೊಟ್ಟಿತಲ್ಲ ಎಂದು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಸಂತೋಷದ ದಿನಗಳಿಗೆ ಒಣದ್ರಾಕ್ಷಿ. ಸುಗ್ಗಿಯಲ್ಲಿ, ಭಾನುವಾರಗಳಲ್ಲಿ ಬಿಳಿ ಹಿಟ್ಟಿಗೆ ಒಂದು ಹಿಡಿ ದ್ರಾಕ್ಷಿ, ಒಂದು ಚಮಚ ಸಕ್ಕರೆ, ಇದ್ದರೆ ಒಂದು ಮೊಟ್ಟೆ. ಕೊಯ್ದರೆ ಬಿಳಿ ಮೈಯಲ್ಲಿ ಕಪ್ಪು ಚುಕ್ಕೆ; ಹಾಗಾಗಿ ಅದಕ್ಕೆ ‘ಸ್ಪಾಟೆಡ್ ಡಾಗ್’ ಎಂದು ಹೆಸರು. ಕೆಲವು ಕಡೆ ‘ರೈಲ್ವೆ ಕೇಕ್’ ಎನ್ನುತ್ತಾರೆ: ಒಂದೊಂದು ಸ್ಟೇಷನ್ನಿಗೆ ಒಂದೊಂದು ದ್ರಾಕ್ಷಿ! ದ್ರಾಕ್ಷಿ ದುಬಾರಿಯಾಗಿದ್ದ ಕಾಲದ ಮನೆಯೊಡತಿಯರ ಕೈಬಿಗಿತವನ್ನು ಇಷ್ಟು ಪ್ರೀತಿಯಿಂದ ಹೇಳುವ ಹೆಸರು ಇನ್ನೊಂದಿದೆಯೇ!

ಹಡಗು ಹತ್ತಿ ಅಮೆರಿಕಕ್ಕೆ ಹೋದವರ ಜೊತೆ ಬ್ರೆಡ್ಡೂ ಹೋಯಿತು. ಅಲ್ಲಿ ಬೆಣ್ಣೆ, ಸಕ್ಕರೆ, ಮೊಟ್ಟೆ ಧಾರಾಳ. ದ್ರಾಕ್ಷಿಯ ಜೊತೆಗೆ ಜೀರಿಗೆ, ಓಮದ ಬಳಗದ ಕ್ಯಾರವೇ ಬೀಜವೂ ಸೇರಿತು. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನ ಅಮೆರಿಕದ ಬೇಕರಿಗಳಲ್ಲಿ ಮಾರುವುದು ಬಹುತೇಕ ಇದನ್ನೇ. ಐರ್ಲೆಂಡಿನ ಮಡಿವಂತರು ಇದು ಬ್ರೆಡ್ಡೇ ಅಲ್ಲ, ಕೇಕು ಎನ್ನುತ್ತಾರೆ. ನನಗೆ ಆ ತಕರಾರು ಸರಿ ಎನಿಸುವುದಿಲ್ಲ. ಊರಿನಲ್ಲಿ ದ್ರಾಕ್ಷಿ ಎಣಿಸಿ ಹಾಕುತ್ತಿದ್ದವರ ಮಕ್ಕಳು ಹೊಸ ನಾಡಿನಲ್ಲಿ ಕೈ ತುಂಬ ಸುರಿದರೆ ತಪ್ಪೇನು? ಆ ಬೀಜ ಹಲ್ಲಿಗೆ ಸಿಕ್ಕಾಗ ಬರುವ ಘಾಟು, ಬೆನ್ನಿಗೇ ದ್ರಾಕ್ಷಿಯ ಸಿಹಿ, ಅದರ ಸುಖವೇ ಬೇರೆ.

ಉತ್ತರದವರ ಇಷ್ಟದ್ದು ಟ್ರೀಕಲ್, ಅಂದರೆ ಸಕ್ಕರೆ ಶುದ್ಧಿಯಲ್ಲಿ ಉಳಿಯುವ ಕಪ್ಪು ಕಾಕಂಬಿಯ ಪಾಕ. ಎರಡು ಚಮಚ ಮಜ್ಜಿಗೆಯಲ್ಲಿ ಕದಡಿದರೆ ಬ್ರೆಡ್ಡಿಗೆ ಕಾಫಿ ಬಣ್ಣ, ಸಣ್ಣ ಕಹಿಯೊಂದಿಗೆ ಆಳವಾದ ಸಿಹಿ. ಕಾಕಂಬಿಯಲ್ಲೂ ಹುಳಿಯಿದೆ, ಅದೂ ಸೋಡಾದ ಜೊತೆ ಕೆಲಸಕ್ಕೆ ನಿಲ್ಲುತ್ತದೆ. ಕಡಲಂಚಿನವರು ಡಲ್ಸ್ ಎಂಬ ಕೆನ್ನೇರಳೆ ಪಾಚಿಯನ್ನು ಬಂಡೆಗಳಿಂದ ಕಿತ್ತು ಒಣಗಿಸುತ್ತಾರೆ. ಆಂಟ್ರಿಮ್ ಕೌಂಟಿಯ ಬ್ಯಾಲಿಕ್ಯಾಸಲ್ ಊರಿನಲ್ಲಿ ಆಗಸ್ಟ್ ಕೊನೆಗೆ ನಡೆಯುವ ಲ್ಯಾಮಸ್ ಜಾತ್ರೆಯಲ್ಲಿ ಅದನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಈಗಿನ ಅಡುಗೆಯವರು ಅದನ್ನೇ ಕತ್ತರಿಸಿ ಹಿಟ್ಟಿಗೆ ಬೆರೆಸುತ್ತಾರೆ. ಉಪ್ಪುಪ್ಪಾದ ಸಮುದ್ರವೇ ಬ್ರೆಡ್ಡಿನೊಳಗೆ! ಸ್ಟೌಟ್ ಎಂಬ ಕಪ್ಪು ಬಿಯರಿನ ಜೊತೆ ಓಟ್ಸ್, ಚೆಡ್ಡಾರ್ ಚೀಸಿನ ಜೊತೆ ಎಳೆ ಈರುಳ್ಳಿ ಸೊಪ್ಪು, ವಸಂತದಲ್ಲಿ ಕಾಡು ಬೆಳ್ಳುಳ್ಳಿಯ ಎಲೆ, ರೋಸ್ಮರಿ, ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಕಾರ್ಕ್ ಕೌಂಟಿಯ ಶಾನಗ್ಯಾರಿ ಹಳ್ಳಿಯಲ್ಲಿ 1983ರಲ್ಲಿ ಶುರುವಾದ ಬ್ಯಾಲಿಮಲೂ ಅಡುಗೆ ಶಾಲೆಯ ಡಾರಿನಾ ಆಲೆನ್ ತಮ್ಮ ಪುಸ್ತಕಗಳಲ್ಲಿ, ತರಗತಿಗಳಲ್ಲಿ ಹೇಳಿಕೊಡುತ್ತ ಬಂದ ಸರಳ ಬಿಳಿ ಸೋಡಾ ಬ್ರೆಡ್ಡೇ ಇಂದು ಲೋಕದ ಎಷ್ಟೋ ಅಡುಗೆಮನೆಗಳಲ್ಲಿ ಈ ಎಲ್ಲ ಪ್ರಯೋಗಗಳಿಗೂ ಬುನಾದಿ.

ಇನ್ನು ಸೂರ್ಯಕಾಂತಿ ಬೀಜದ ವಿಷಯ. ಇದನ್ನು ಕಣ್ಣಾರೆ ಕಂಡಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. ಸಿಪ್ಪೆ ಸುಲಿದ ಬೂದು ಬಣ್ಣದ ಬೀಜಗಳನ್ನು ಹಿಟ್ಟಿಗೆ ಬೆರೆಸಿ ಸುಟ್ಟು, ಆರಿದ ಮೇಲೆ ಕೊಯ್ದು ನೋಡಿದರೆ ಬೀಜಗಳೆಲ್ಲ ಹಸಿರು! ಅವುಗಳ ಸುತ್ತ ಹಸಿರು ಉಂಗುರ. ಮರುದಿನಕ್ಕೆ ಇನ್ನೂ ಗಾಢ. ಬೂಷ್ಟು ಎಂದು ಎಸೆದುಬಿಡುವವರೂ ಇದ್ದಾರೆ. ಬೂಷ್ಟಲ್ಲ, ತಿನ್ನಲು ಭಯವೂ ಬೇಡ. ಆ ಬೀಜಗಳಲ್ಲಿ ಕ್ಲೋರೋಜೆನಿಕ್ ಆಮ್ಲವಿದೆ. ಕ್ಷಾರ ತಗುಲಿದಾಗ ಅದು ಬೀಜದ ಪ್ರೊಟೀನಿನ ಅಂಶದೊಂದಿಗೆ ಸೇರಿ ಹಸಿರಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಆರತಿಯ ತಟ್ಟೆಯಲ್ಲಿ ಕೆಂಪು ಓಕುಳಿ ಏಳುವುದನ್ನು ನೋಡುತ್ತ ಬೆಳೆದ ನಮಗೆ ಇದು ಗುರುತಿನ ಚಮತ್ಕಾರವೇ. ಅಲ್ಲಿಯೂ ಕ್ಷಾರದ ಕೈವಾಡ, ಇಲ್ಲಿಯೂ ಅದೇ. ಹಸಿರು ಬೇಡವೆಂದರೆ ಸೋಡಾ ಸ್ವಲ್ಪ ಕಡಿಮೆ ಮಾಡಿ, ಇಲ್ಲವೇ ಅರ್ಧ ನಿಂಬೆಹಣ್ಣು ಹಿಂಡಿ. ಬೇಕೆಂದರೆ ಹಾಗೇ ಬಿಟ್ಟು ಮಕ್ಕಳ ಕಣ್ಣೆದುರು ಕೊಯ್ಯಿರಿ. ಸೋಡಾ ಬ್ರೆಡ್ಡಿನ ಹೊರಪದರ ಅಷ್ಟು ಬೇಗ ಕಂದು ಬಣ್ಣಕ್ಕೆ ತಿರುಗುವುದೂ ಇದೇ ಕ್ಷಾರದ ಗುಣದಿಂದ.

ನಮ್ಮ ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಯೋಚಿಸಿದರೆ ಕೈ ಸುಮ್ಮನಿರುವುದಿಲ್ಲ. ಈಗ ಐರ್ಲೆಂಡಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಾಲಿಗೆ ಹೆಪ್ಪು ಹಾಕಿ ತಯಾರಿಸಿದ ಗಟ್ಟಿ ಮಜ್ಜಿಗೆ. ಬೆಣ್ಣೆ ಕಡೆದು ಉಳಿದ ಆ ಹಳೆಯ ಮಜ್ಜಿಗೆಗೆ ಹತ್ತಿರದ್ದು ಇನ್ನೂ ಕಡೆಗೋಲು ತಿರುಗುವ ನಮ್ಮ ಮನೆಗಳಲ್ಲೇ ಇದೆ! ಕಡೆಯದವರು ಎರಡು ಲೋಟ ಹುಳಿ ಮೊಸರಿಗೆ ಒಂದು ಲೋಟ ನೀರು ಬೆರೆಸಿದರೆ ಸಾಕು. ಎರಡು ದಿನದ ಹುಳಿ ಇರಲೇಬೇಕು. ಸಿಹಿ ಮೊಸರಿಗೆ ಸೋಡಾ ಮಣಿಯುವುದಿಲ್ಲ. ಮೈದಾದಲ್ಲಿ ಮಾಡಿದರೆ ಮೆತ್ತಗೆ. ಚಪಾತಿಯ ಗೋಧಿ ಹಿಟ್ಟಾದರೆ ಗಿರಣಿಯ ಕಲ್ಲು ಅರೆದ ಪಿಷ್ಟ ನೀರು ಜಾಸ್ತಿ ಕುಡಿಯುತ್ತದೆ, ಮಜ್ಜಿಗೆ ಇನ್ನೂ ಕಾಲು ಲೋಟ ಬೇಕು. ಅರ್ಧಕ್ಕರ್ಧ ಮೈದಾ ಬೆರೆಸಿದರೆ ಹದ. ರಾಗಿ ಹಿಟ್ಟಿನ ಆಸೆಯಿದ್ದರೆ ಕಾಲು ಭಾಗ ಮೀರಬೇಡಿ, ಅದರಲ್ಲಿ ಗ್ಲುಟನ್ನೇ ಇಲ್ಲ. ಆ ಕಾಲು ಭಾಗಕ್ಕೇ ಬ್ರೆಡ್ಡಿಗೆ ಬರುವ ಮಣ್ಣಿನ ಘಮ, ಜೊತೆಗೆ ಕಾಕಂಬಿಯ ಬದಲು ಮಜ್ಜಿಗೆಯಲ್ಲಿ ಕದಡಿದ ಎರಡು ಚಮಚ ಬೆಲ್ಲದ ಪುಡಿ, ಅಬ್ಬಾ!

ಮೊಸರು, ಮೈದಾ, ಸೋಡಾ ಸೇರಿದರೆ ಏನಾಗುತ್ತದೆಂದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಳೆಹಣ್ಣು ಕಿವುಚಿ ಹಾಕಿ ಕರಿಯುವ ಮಂಗಳೂರು ಬನ್ಸ್ ಉಬ್ಬುವುದೂ ಇದೇ ಹುಳಿ, ಕ್ಷಾರದ ಕೂಟದಿಂದ. ಅಲ್ಲಿ ಹಿಟ್ಟನ್ನು ಗಂಟೆಗಟ್ಟಲೆ ನೆನೆಯಲು ಬಿಡುತ್ತಾರೆ, ಇಲ್ಲಿ ಓಡುತ್ತೇವೆ, ಅಷ್ಟೇ ವ್ಯತ್ಯಾಸ. ಚೆನ್ನಾಗಿ ಕಳಿತ ಒಂದು ಬಾಳೆಹಣ್ಣು, ಅರ್ಧ ಚಮಚ ಜೀರಿಗೆ ಸೋಡಾ ಬ್ರೆಡ್ಡಿಗೆ ಬಿದ್ದರೆ ಉಡುಪಿಯ ಪರಿಮಳವೇ ಓವನ್ನಿನಿಂದ ಬರುತ್ತದೆ. ಮಜ್ಜಿಗೆಯನ್ನು ಹಣ್ಣಿನ ತೇವದಷ್ಟು ಕಡಿಮೆ ಮಾಡಬೇಕು. ಅಯ್ಯಂಗಾರ್ ಬೇಕರಿಯ ಖಾರದ ಬನ್ನು ನೆನಪಾದರೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಕರಿಬೇವು. ಈರುಳ್ಳಿಯನ್ನು ಹಸಿಯಾಗಿ ಹಾಕಿದರೆ ನೀರು ಬಿಟ್ಟು ನಡುಭಾಗ ಬೇಯದೆ ಅಂಟುತ್ತದೆ. ಸ್ವಲ್ಪ ಬಾಡಿಸಿ ಆರಿಸಿ ಹಾಕಿ. ಎಲ್ಲಕ್ಕಿಂತ ನನ್ನ ಮನಸ್ಸು ಗೆದ್ದಿರುವುದು ಸಬ್ಬಸಿಗೆ. ಒಂದು ಹಿಡಿ ಸೊಪ್ಪು, ಒಂದು ಚಮಚ ತುಪ್ಪದಲ್ಲಿ ಸಿಡಿಸಿದ ಓಮ, ಮೇಲೆ ಸ್ವಲ್ಪ ಕುಟ್ಟಿದ ಕಾಳುಮೆಣಸು. ಆ ಬ್ರೆಡ್ಡು ಬೇಯುವಾಗ ಪಕ್ಕದ ಮನೆಯವರು ಬಾಗಿಲು ತಟ್ಟದಿದ್ದರೆ ಕೇಳಿ!

ಓವನ್ ಇಲ್ಲದವರು ಅಲ್ಸ್ಟರಿನವರನ್ನು ನೆನೆದು ದೋಸೆ ಕಾವಲಿ ಇಳಿಸಿಕೊಳ್ಳಿ. ಇದೇ ಹಿಟ್ಟನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಗುಂಡಗೆ ತಟ್ಟಿ ನಾಲ್ಕು ತುಂಡು ಮಾಡಿ. ಕಾವಲಿಗೆ ಎಣ್ಣೆ ಬೇಡ, ಹಿಟ್ಟು ಉದುರಿಸಿ. ಅದು ನಿಧಾನಕ್ಕೆ ಕೆನೆ ಬಣ್ಣಕ್ಕೆ ತಿರುಗಿದರೆ ಬಿಸಿ ಸರಿಯಿದೆ. ಸಣ್ಣ ಉರಿಯಲ್ಲಿ ಒಂದು ಮಗ್ಗುಲು ಏಳೆಂಟು ನಿಮಿಷ, ಮಗುಚಿ ಇನ್ನೊಂದು ಮಗ್ಗುಲು ಅಷ್ಟೇ ಹೊತ್ತು. ಆಮೇಲೆ ಅಲ್ಲಿಯವರು ಮಾಡುವ ಕೈಚಳಕ: ತುಂಡುಗಳನ್ನು ಒಂದಕ್ಕೊಂದು ಆನಿಸಿ ಕತ್ತರಿಸಿದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಬದಿಗಳ ಹಸಿಯೂ ಆರುವವರೆಗೆ ಸುಡುವುದು. ಇಳಿಸಿದ ಕೂಡಲೇ ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಮೇಲ್ಮೈ ಮೆತ್ತಗಾಗುತ್ತದೆ. ಅಂದಿನದನ್ನು ಅಂದೇ ತಿನ್ನಬೇಕು. ಕೊಬ್ಬಿಲ್ಲದ ಬ್ರೆಡ್ಡು ಬೇಗ ಒಣಗುತ್ತದೆ. ಬೆರಳು ಸುಡುವಷ್ಟು ಬಿಸಿಯಿರುವಾಗಲೇ ಅಡ್ಡಕ್ಕೆ ಸೀಳಿ, ಉಪ್ಪು ಬೆಣ್ಣೆ ಧಾರಾಳವಾಗಿ ಹಚ್ಚಿ. ಉಳಿದರೆ ಮರುದಿನ ಅದೇ ಕಾವಲಿಯಲ್ಲಿ ತುಪ್ಪ ಹಾಕಿ ಕೆಂಪಗೆ ಬಾಡಿಸಿ, ಒಂದು ಲೋಟ ಫಿಲ್ಟರ್ ಕಾಫಿಯ ಜೊತೆ ಕೂರಿ.